ಹಗುರ ರೊಟ್ಟಿ, ಭಾರದ ಬಿಲ್ಲು: ಪಾರ್ಸಲ್ ಪ್ರಶ್ನೋತ್ತರ

(ನಮ್ಮ ಬಳಗದಲ್ಲಿ ಈ ಸಂಜೆ ಉತ್ತರಿಸುವವರು ಕಲಬುರಗಿಯಲ್ಲಿ ಕೊರಿಯರ್ ಬುಕಿಂಗ್ ಕಚೇರಿ ನಡೆಸುವ ಅಣ್ಣ.)

ರೊಟ್ಟಿ ಅಂಗಡಿ, ಕಲಬುರಗಿ: ಅಣ್ಣ, ಬೆಂಗಳೂರಿಗೆ ಐವತ್ತು ಖಡಕ್ ರೊಟ್ಟಿ, ಅರ್ಧ ಕೆ.ಜಿ. ಶೇಂಗಾ ಚಟ್ನಿ ಕಳುಹಿಸಿದೆ. ನಮ್ಮ ತಕ್ಕಡಿಯಲ್ಲಿ 3 ಕೆ.ಜಿ. ಇತ್ತು. ಕೊರಿಯರ್‌ನವರು 10 ಕೆ.ಜಿ.ಗೆ ಹಣ ಪಡೆದರು. ಇದು ಮೋಸವಲ್ಲವೇ?

ಕೊರಿಯರ್ ಅಣ್ಣ: ಪೆಟ್ಟಿಗೆಯ ಅಳತೆ ಎಷ್ಟು ತಂಗಿ?

ರೊಟ್ಟಿ ಅಂಗಡಿ: ಕಿರಾಣಿ ಅಂಗಡಿಯಿಂದ ತಂದದ್ದು. ಉದ್ದ 40, ಅಗಲ 40, ಎತ್ತರ 30 ಸೆಂ.ಮೀ. ಖಾಲಿ ಜಾಗಕ್ಕೆ ಪೇಪರ್ ತುರುಕಿದ್ದೆ.

ಕೊರಿಯರ್ ಅಣ್ಣ: ಹಾಗಾದರೆ ಪೇಪರಿಗೇ ಬಾಡಿಗೆ ಕಟ್ಟಿದ್ದೀರಿ. ಮೂರೂ ಅಳತೆ ಗುಣಿಸಿ 5000ದಿಂದ ಭಾಗಿಸಿ: 9.6, ಪೂರ್ಣ ಕೆ.ಜಿ.ಗೆ ಏರಿಸಿದರೆ 10. ಇದು ಗಾತ್ರದ ತೂಕ. ತಕ್ಕಡಿಯ ತೂಕ, ಗಾತ್ರದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೇ ದರ. ಕೆಲವರು 4000ದಿಂದ ಭಾಗಿಸುತ್ತಾರೆ, ಆಗ ನಿಮ್ಮದು 12 ಕೆ.ಜಿ. ಆಗುತ್ತಿತ್ತು. ದರ ಕೇಳುವ ಮುಂಚೆ ಎಷ್ಟರಿಂದ ಭಾಗಿಸುತ್ತೀರಿ ಎಂದು ಕೇಳಿ.

ನಿಮ್ಮ ರೊಟ್ಟಿ 25 ಸೆಂ.ಮೀ. ಅಗಲವಿದ್ದರೆ 27, 27, 25ರ ಪೆಟ್ಟಿಗೆ ಸಾಕು. ಗಾತ್ರದ ತೂಕ 3.6, ಬಿಲ್ಲು 4 ಕೆ.ಜಿ.ಗೆ. ಹತ್ತು ರೊಟ್ಟಿಗೊಂದು ರಟ್ಟಿನ ಬಿಲ್ಲೆ ಇಡಿ. ಚಟ್ನಿಯ ಪೊಟ್ಟಣಗಳನ್ನು ಚಿಕ್ಕದಾಗಿ ಕಟ್ಟಿ ನಾಲ್ಕು ಮೂಲೆಗೆ ಸೇರಿಸಿ. ಮುಚ್ಚಿದ ಮೇಲೆ ಪೆಟ್ಟಿಗೆಯನ್ನು ಕಿವಿಯ ಬಳಿ ಅಲ್ಲಾಡಿಸಿ. ಗಲಗಲ ಎಂದರೆ ಬಿಚ್ಚಿ ಮತ್ತೆ ಕಟ್ಟಿ. ಇಲ್ಲವಾದರೆ ಗಿರಾಕಿಗೆ ತಲುಪುವುದು ರೊಟ್ಟಿಯಲ್ಲ, ರೊಟ್ಟಿ ಮುರಿದು ಕುಟ್ಟಿದ ಮುಟಗಿ.

ಸೀರೆ ವ್ಯಾಪಾರ, ಯಾದಗಿರಿ: ಸರ್, ಎಲ್ಲಕ್ಕಿಂತ ಅಗ್ಗದ ಕೊರಿಯರ್ ಯಾವುದು?

ಕೊರಿಯರ್ ಅಣ್ಣ: ಎಲ್ಲಿಗೆ, ಎಷ್ಟು ತೂಕ, ಎಷ್ಟು ಗಾತ್ರ? ಮೂರೂ ತಿಳಿಯದೆ ದರ ಹೇಳಲಾಗದು.

ಉಪ್ಪಿನಕಾಯಿ, ಹುಮನಾಬಾದ್: ಎಣ್ಣೆ ಸೋರದಂತೆ ಪುಣೆಗೆ ಬಾಟಲಿ ಕಳುಹಿಸುವುದು ಹೇಗೆ ಅಣ್ಣ?

ಬಿದರಿ ಕೆಲಸ, ಬೀದರ್: 8,000 ರೂಪಾಯಿಯ ಹೂದಾನಿ ದೆಹಲಿಗೆ ಹೋಗಬೇಕು. ಚೀಟಿಯಲ್ಲಿ 500 ಎಂದು ಬರೆದರೆ ಖರ್ಚು ಉಳಿಯುತ್ತದಂತೆ?

ಕೊರಿಯರ್ ಅಣ್ಣ: ಕಳೆದರೆ 500ಕ್ಕಿಂತ ಹೆಚ್ಚು ಕೇಳಲು ನಿಮಗೆ ಬಾಯಿಯೇ ಇರುವುದಿಲ್ಲ. ನಿಜವಾದ ಬೆಲೆ ಬರೆಯಿರಿ, ವಿಮೆ ಮಾಡಿಸಿ.

ಅಗರಬತ್ತಿ, ಶಹಾಪುರ: ಬಂದ ಸಂದೇಶ: ‘ಪಾರ್ಸಲ್ ಮೇಲೆ ಪುಸ್ತಕ ಎಂದು ಬರೆಯಿರಿ, ಅಂಚೆಯಲ್ಲಿ ಕಾಲು ದರ! ಹತ್ತು ಜನರಿಗೆ ಕಳುಹಿಸಿ.’

ಕೊರಿಯರ್ ಅಣ್ಣ: ಇದನ್ನು ಓದಿ ಓದಿ ಸಾಕಾಗಿದೆ. ಅಂಚೆಯವರ ಜ್ಞಾನ ಪೋಸ್ಟ್ ಎಂಬ ಕಡಿಮೆ ದರದ ಸೇವೆ 2025ರ ಮೇ ತಿಂಗಳಲ್ಲಿ ಶುರುವಾದದ್ದು ಪುಸ್ತಕಗಳಿಗಾಗಿ. ಅಗರಬತ್ತಿಗೆ ಜ್ಞಾನದ ದರ ಸಿಗದು. ಸುಳ್ಳು ಬರೆದು ಸಿಕ್ಕಿಬಿದ್ದರೆ ಆ ಹತ್ತು ಜನ ಬಿಡಿಸಲು ಬರುವುದಿಲ್ಲ.

ಚಟ್ನಿಪುಡಿ, ಸೇಡಂ: ಇಷ್ಟೆಲ್ಲ ಲೆಕ್ಕ ಏಕೆ? ರಾತ್ರಿ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ಬೆಂಗಳೂರು.

ರೊಟ್ಟಿ ಅಂಗಡಿ: ಬಸ್ ನಿಲ್ದಾಣದಿಂದ ತರುವವರು ಯಾರು? ವೈಟ್‌ಫೀಲ್ಡಿನ ಗಿರಾಕಿ ಮೆಜೆಸ್ಟಿಕ್‌ಗೆ ಆಟೊದಲ್ಲಿ ಬಂದು ಹೋದರೆ ರೊಟ್ಟಿಯ ಹಣಕ್ಕಿಂತ ಆಟೊದ ಹಣವೇ ಹೆಚ್ಚು.

ಚಟ್ನಿಪುಡಿ, ಸೇಡಂ: ನಾನು ವಾರಕ್ಕೊಮ್ಮೆ ಒಂದೇ ಮೂಟೆ ಹಾಕುತ್ತೇನೆ. ನನ್ನ ತಮ್ಮ ಅಲ್ಲಿ ಹಂಚುತ್ತಾನೆ.

ರೊಟ್ಟಿ ಅಂಗಡಿ: ಎಲ್ಲರಿಗೂ ಬೆಂಗಳೂರಿನಲ್ಲಿ ಪುಕ್ಕಟೆ ದುಡಿಯುವ ತಮ್ಮ ಇರುವುದಿಲ್ಲ ಅಕ್ಕಾ.

ಚಟ್ನಿಪುಡಿ, ಸೇಡಂ: ನನ್ನ ತಮ್ಮನ ಸುದ್ದಿ ನಿಮಗೇಕೆ? ಈ ಅಣ್ಣನವರಂತೂ ಬಸ್ಸಿನ ಹೆಸರನ್ನೇ ಎತ್ತುವುದಿಲ್ಲ. ಅವರ ಅಂಗಡಿ ನಡೆಯಬೇಕಲ್ಲ!

ಕೊರಿಯರ್ ಅಣ್ಣ: ಮೂಟೆಗಟ್ಟಲೆ ಸರಕಿದ್ದು, ಆ ತುದಿಯಲ್ಲಿ ಇಳಿಸಿಕೊಳ್ಳುವವರಿದ್ದರೆ ಬಸ್ಸೇ ಅಗ್ಗ. ಅಂಥವರನ್ನು ನಾನೇ ನಿಲ್ದಾಣಕ್ಕೆ ಕಳುಹಿಸುತ್ತೇನೆ. ಮನೆ ಬಾಗಿಲಿಗೆ ಒಂದೊಂದೇ ಪೆಟ್ಟಿಗೆ ತಲುಪಬೇಕಾದರೆ ಆ ಮಾತು ಬೇರೆ. ನನ್ನ ಅಂಗಡಿಯ ಚಿಂತೆ ನನಗಿರಲಿ.

ಬಳೆ ಅಂಗಡಿ, ಸುರಪುರ: ತಲುಪಿದ ಮೇಲೆ ಹಣ ಕೊಡುತ್ತೇನೆ ಎನ್ನುವ ಗಿರಾಕಿಗೆ ಕಳುಹಿಸಬಹುದೇ?

ಕೊರಿಯರ್ ಅಣ್ಣ: ಬಾಗಿಲಲ್ಲೇ ಬೇಡ ಎಂದರೆ ಹೋದ ಖರ್ಚೂ ಬಂದ ಖರ್ಚೂ ನಿಮ್ಮ ತಲೆಗೆ. ಸಾಗಣೆಯ ಹಣವನ್ನಾದರೂ ಮುಂಗಡ ಪಡೆಯಿರಿ.

ಅಗರಬತ್ತಿ, ಶಹಾಪುರ: ಸರ್, ಹಾಗಾದರೆ ಅಗ್ಗದ ಕೊರಿಯರ್ ಯಾವುದು?

ಕೊರಿಯರ್ ಅಣ್ಣ: ಮೇಲೆ ಓದಿ.

ಉಪ್ಪಿನಕಾಯಿ, ಹುಮನಾಬಾದ್: ನನ್ನ ಬಾಟಲಿಯ ವಿಷಯ?

ಸೀರೆ ವ್ಯಾಪಾರ, ಯಾದಗಿರಿ: ಸರ್, ನೀವು ಕೇಳಿದ ವಿವರ. ಊರು ಸೊಲ್ಲಾಪುರ. ತೂಕ 600 ಗ್ರಾಂ. ಗಾತ್ರ ಒಂದು ಸೀರೆಯಷ್ಟು.