ಪದಚರ್ಚೆ: ‘ರೈಟ್ ಆಫ್ ವೇ’, ‘ರೀಇನ್‌ಸ್ಟೇಟ್‌ಮೆಂಟ್’ ಕನ್ನಡದಲ್ಲಿ ಏನು? (ಫಲಕ ನಾಳೆ ಅಚ್ಚಿಗೆ)

ಎಂ.ಎಸ್. ಬರೆದದ್ದು:

ಎಲ್ಲರಿಗೂ ನಮಸ್ಕಾರ. ಕೇಬಲ್, ನೀರಿನ ಕೊಳವೆ, ಗ್ಯಾಸ್ ಪೈಪು ಹಾಕಲು ಬೆಂಗಳೂರಿನಲ್ಲಿ ರಸ್ತೆ ಅಗೆಯುವವರು ಕೆಲಸದ ಜಾಗದಲ್ಲಿ ನಿಲ್ಲಿಸಬೇಕಾದ ಫಲಕ, ಅದರ ಜೊತೆಗೆ ಎರಡು ಪುಟದ ಅನುಮತಿ ಷರತ್ತುಗಳು ಕನ್ನಡಕ್ಕೆ ಆಗಬೇಕಿವೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗುತ್ತದೆ. ಸಿಕ್ಕಿಕೊಂಡಿರುವ ಪದಗಳು ಐದು: ರೈಟ್ ಆಫ್ ವೇ, ಯುಟಿಲಿಟಿ (ನೀರು, ವಿದ್ಯುತ್, ಗ್ಯಾಸ್ ಒದಗಿಸುವವರು), ರೋಡ್ ಕಟಿಂಗ್, ಟ್ರೆಂಚ್, ರೀಇನ್‌ಸ್ಟೇಟ್‌ಮೆಂಟ್ (ಅಗೆದ ರಸ್ತೆಯನ್ನು ಮತ್ತೆ ಸರಿಮಾಡುವುದು). ಕರಡಿನಲ್ಲಿ ಕ್ರಮವಾಗಿ ಮಾರ್ಗದ ಹಕ್ಕು, ಉಪಯುಕ್ತತಾ ಸಂಸ್ಥೆ, ರಸ್ತೆ ಕಡಿತ, ಕಂದಕ, ಪುನಃಸ್ಥಾಪನೆ ಎಂದು ಹಾಕಿದ್ದೇನೆ. ಓದಿದರೆ ಒಂದೂ ಬಾಯಿಗೆ ಬರುತ್ತಿಲ್ಲ. ದಾರಿಹೋಕರಿಗೆ ಅರ್ಥವಾಗಬೇಕು, ಷರತ್ತಿನಲ್ಲಿ ವಕೀಲರ ಕೈಗೂ ಸಿಕ್ಕಬಾರದು.

ಎಚ್.ಎನ್. ಬರೆದದ್ದು:

ಮಾರ್ಗ, ಉಪಯುಕ್ತತೆ, ಪುನಃಸ್ಥಾಪನೆ ಮೂರೂ ಸಂಸ್ಕೃತ. ಕಂದಕ ಅರಬ್ಬಿಯ ಖಂದಕ್. ನಮ್ಮದೇ ಪದವಿರುವಾಗ ಇವು ಯಾಕೆ? ಟ್ರೆಂಚ್‌ಗೆ ‘ಅಗಳು’ ಎನ್ನಿ. ಹಳಗನ್ನಡದ ಅಗೞ್ ಎಂದರೆ ತೋಡು. ತಮಿಳಿನ ಅಗೞಿಯೂ ಅದೇ ಬೇರಿನದು. ಇಂದಿನ ‘ಅಗೆ’ ಅದರ ನಂಟಿನದೇ. ಅಗೆದದ್ದು ಅಗಳು. ಇಷ್ಟು ಒಪ್ಪವಾದ ಜೋಡಿ ಬೇರೆಲ್ಲೂ ಸಿಗದು. ರೈಟ್ ಆಫ್ ವೇ ಎಂದರೆ ದಾರಿಹಕ್ಕು. ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

ಜಿ.ಆರ್. ಬರೆದದ್ದು:

ಇದೆ. ದಾರಿಹಕ್ಕು ಇಲ್ಲಿ ತಪ್ಪು.

ಇಂಗ್ಲಿಷಿನ ಆ ಒಂದು ಮಾತಿನಲ್ಲಿ ಮೂರು ಬೇರೆ ಸಂಗತಿಗಳಿವೆ. ಒಬ್ಬರ ಹೊಲ ದಾಟಿ ಇನ್ನೊಬ್ಬರು ತಮ್ಮ ಹೊಲಕ್ಕೆ ಹೋಗುವ ಹಕ್ಕು ಮೊದಲನೆಯದು, 1882ರ ಈಸ್‌ಮೆಂಟ್ ಕಾಯ್ದೆಗೆ ಸೇರಿದ್ದು. ಬಂಡಿದಾರಿ, ಕಾಲುದಾರಿ ವ್ಯಾಜ್ಯಗಳಲ್ಲಿ ದಾರಿಹಕ್ಕು ಎನ್ನುವುದು ಇದಕ್ಕೆ. ಎರಡನೆಯದು ಹಕ್ಕೇ ಅಲ್ಲ, ನೆಲ. ‘18 ಮೀಟರ್ ರೈಟ್ ಆಫ್ ವೇ’ ಎಂದು ನಕ್ಷೆಯಲ್ಲಿದ್ದರೆ ಡಾಂಬರು, ಚರಂಡಿ, ಕಾಲುದಾರಿ ಎಲ್ಲ ಸೇರಿ ಅಂಚಿನಿಂದ ಅಂಚಿಗೆ ಇರುವ ಅಗಲ. ಅದನ್ನು ‘18 ಮೀಟರ್ ಹಕ್ಕು’ ಎಂದು ಬರೆದರೆ ಏನರ್ಥ? ಮೂರನೆಯದು, ಆ ನೆಲದಲ್ಲಿ ತಂತಿ, ಕೊಳವೆ ಹಾಕಿಕೊಳ್ಳಲು ಸಿಗುವ ಅನುಮತಿ. ದೂರಸಂಪರ್ಕಕ್ಕೆ 2016ರ ನಿಯಮಗಳಿದ್ದವು. ಈಗ 2023ರ ದೂರಸಂಪರ್ಕ ಕಾಯ್ದೆಯಡಿ 2024ರ ನಿಯಮಗಳು ಬಂದಿವೆ, ಜಾರಿಯಾದದ್ದು 2025ರ ಜನವರಿ 1ರಿಂದ.

ಈ ಮೂರನೆಯದಕ್ಕೆ ಬರಿದೇ ‘ಹಕ್ಕು’ ಎಂದರೆ ಅಪಾಯ. 1885ರ ಟೆಲಿಗ್ರಾಫ್ ಕಾಯ್ದೆಯ 10ನೇ ಕಲಂ ಕೊಟ್ಟದ್ದೇ ಬಳಸಿಕೊಳ್ಳುವ ಹಕ್ಕು ಮಾತ್ರ; ನೆಲದ ಮೇಲೆ ಬೇರೆ ಯಾವ ಹಕ್ಕೂ ಹುಟ್ಟುವುದಿಲ್ಲ ಎಂದು ಅಲ್ಲೇ ಹೇಳಿದೆ. ದಾಭೋಲ್–ಬೆಂಗಳೂರು ಅನಿಲ ಕೊಳವೆಯಂಥ ಯೋಜನೆಗಳಿಗೆ ಅನ್ವಯಿಸುವ 1962ರ ಕಾಯ್ದೆಯ ಹೆಸರಿನಲ್ಲೇ ‘ರೈಟ್ ಆಫ್ ಯೂಸರ್’ ಇದೆ. ಅದಕ್ಕೆ ‘ಬಳಕೆ ಹಕ್ಕು’ ಎನ್ನಬೇಕು, ರಸ್ತೆಯಲ್ಲಿ ಸಿಗುವ ಅನುಮತಿಗೂ ಅದಕ್ಕೂ ಒಂದೇ ಪದ ಅಂಟಿಸಬಾರದು.

ನನ್ನ ಸಲಹೆ: ನೆಲಕ್ಕೆ ‘ರಸ್ತೆ ಜಾಗ’, ಅನುಮತಿಗೆ ‘ರಸ್ತೆ ಜಾಗ ಬಳಕೆ ಅನುಮತಿ’. ಫಲಕದಲ್ಲಿ ‘ಅನುಮತಿ ಸಂಖ್ಯೆ’ ಇದ್ದರೆ ಸಾಕು. ಮಾರ್ಗ ಅಂತೂ ಬೇಡವೇ ಬೇಡ. ವಿದ್ಯುತ್ ಇಲಾಖೆಯ ಬರಹದಲ್ಲಿ ಮಾರ್ಗ ಎಂದರೆ ತಂತಿ: 66 ಕೆವಿ ಮಾರ್ಗ, 11 ಕೆವಿ ಮಾರ್ಗ. ‘ಮಾರ್ಗದ ಹಕ್ಕು’ ಓದಿದ ಲೈನ್‌ಮನ್ ತಂತಿಯ ಒಡೆತನ ಎಂದುಕೊಳ್ಳುತ್ತಾನೆ.

ಎಚ್.ಎನ್. ಬರೆದದ್ದು:

‘ರಸ್ತೆ’ ಫಾರ್ಸಿ, ‘ಜಾಗ’ ಫಾರ್ಸಿ, ‘ಅನುಮತಿ’ ಸಂಸ್ಕೃತ. ಕನ್ನಡ ಎಲ್ಲಿದೆ? ‘ಬೀದಿನೆಲ’ ಎಂದರೆ ಏನು ತೊಂದರೆ?

ಜಿ.ಆರ್. ಬರೆದದ್ದು:

ಬೀದಿ ಸಂಸ್ಕೃತದ ವೀಥಿಯ ತದ್ಭವ. ನೀವು ಮೊದಲ ಪತ್ರದಲ್ಲಿ ಅಚ್ಚಗನ್ನಡವೆಂದು ಕೊಟ್ಟ ದಾರಿಹಕ್ಕಿನ ‘ಹಕ್ಕು’ ಅರಬ್ಬಿಯ ಹಕ್. ಅರ್ಧ ಅರಬ್ಬಿ ಪದ ಹಿಡಿದು ನನ್ನ ರಸ್ತೆಗೆ ಫಾರ್ಸಿ ಎಂದು ಆಕ್ಷೇಪಿಸಬೇಡಿ. ಕಂದಾಯದ ಭಾಷೆಯಲ್ಲಿ ಊರ ರಸ್ತೆ, ಹಳ್ಳಗಳ ನೆಲಕ್ಕೆ ಬ-ಖರಾಬು ಎನ್ನುತ್ತಾರೆ. ನಕಾಶೆ, ಖರಾಬು, ಜಮೀನು, ಪರವಾನಗಿ, ಇವನ್ನೆಲ್ಲ ಹಳ್ಳಿಯ ರೈತರು ಕಾಗದ ನೋಡದೆ ಆಡುತ್ತಾರೆ. ಅವರ ಬಾಯಲ್ಲಿ ಕನ್ನಡವಾದದ್ದು ನಮ್ಮ ಪಟ್ಟಿಯಲ್ಲಿ ಪರಭಾಷೆ ಹೇಗಾಗುತ್ತದೆ?

ಕೆ.ವಿ. ಬರೆದದ್ದು:

ಕೇಳಿದವರಿಗೆ ಬೇಕಾದ್ದು ನಾಳೆ ಮಧ್ಯಾಹ್ನಕ್ಕೆ. ಉಳಿದ ನಾಲ್ಕು ಪದಗಳಿಗೆ ಬರುತ್ತೇನೆ.

ರಸ್ತೆ ಕಡಿತ ಬೇಡ. ಮಳೆಗಾಲದ ‘ಸಂಪರ್ಕ ಕಡಿತ’ ಸುದ್ದಿ ಓದಿದವರು ರಸ್ತೆಯೇ ಬಂದ್ ಎಂದುಕೊಳ್ಳುತ್ತಾರೆ. ರಸ್ತೆ ಅಗೆತ ಎನ್ನಿ.

ಕಂದಕ ಎಂದರೆ ಕೋಟೆ, ಇಲ್ಲವೇ ಕಾಡಂಚಿನ ಆನೆ ಕಂದಕ. ಅಗಳು ಮಲೆನಾಡಿನಲ್ಲಿ ತೋಟದ ಸುತ್ತ ತೆಗೆದದ್ದು. ಬಯಲುಸೀಮೆಯವರಿಗೆ ಅನ್ನದ ಅಗುಳು ನೆನಪಾದೀತು. ಕೆಲಸ ಮಾಡುವವರೆಲ್ಲ ಟ್ರೆಂಚ್ ಎಂದೇ ಹೇಳುತ್ತಾರೆ. ಷರತ್ತಿನಲ್ಲಿ ಅದನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ಫಲಕದಲ್ಲಿ ‘ಗುಂಡಿ’. ನೆನಪಿಡಿ, ರಸ್ತೆ ಗುಂಡಿ ಎಂದರೆ ತಾನಾಗಿ ಬಿದ್ದದ್ದು. ‘ಅಗೆದ ಗುಂಡಿ’ ಎಂದೇ ಬರೆದರೆ ಗೊಂದಲವಿಲ್ಲ.

ಉಪಯುಕ್ತತೆ ಎಂಬುದು ಗುಣ, ಅದರಿಂದ ಸಂಸ್ಥೆಯ ಹೆಸರು ಹುಟ್ಟುವುದಿಲ್ಲ. ‘ಸೇವಾ ಸಂಸ್ಥೆ’ ಎಂದರೆ ಅನಾಥಾಲಯ ನಡೆಸುವವರೂ ಸೇರುತ್ತಾರೆ. ಫಲಕದಲ್ಲಿ ಜಲಮಂಡಳಿ, ಬೆಸ್ಕಾಂ ಹೀಗೆ ಹೆಸರೇ ಹಾಕಿ. ಷರತ್ತಿನಲ್ಲಿ ‘ನಾಗರಿಕ ಸೌಲಭ್ಯ ಸಂಸ್ಥೆ’. ನೆಲದೊಳಗೆ ಈಗಾಗಲೇ ಇರುವ ಕೊಳವೆ, ಕೇಬಲ್‌ಗಳಿಗೆ ‘ನೆಲದಡಿಯ ಜಾಲ’. ಈ ಎರಡನ್ನು ಬೆರೆಸಿದರೆ ‘ಯುಟಿಲಿಟಿಗೆ ಹಾನಿಯಾದರೆ’ ಎಂಬ ಷರತ್ತು ಹಾಳಾಗುತ್ತದೆ. ಹಾನಿಯಾಗುವುದು ಮನೆಗೆ ಹೋಗುವ ಅರ್ಧ ಇಂಚಿನ ನೀರಿನ ಕೊಳವೆಗೆ. ಅದು ಯಾವ ನಕ್ಷೆಯಲ್ಲೂ ಇರುವುದಿಲ್ಲ, ಹೆಚ್ಚು ಆಳದಲ್ಲೂ ಇರುವುದಿಲ್ಲ, ಜೆಸಿಬಿ ಹಲ್ಲಿಗೆ ಸಿಕ್ಕಿದರೆ ಸದ್ದೇ ಆಗುವುದಿಲ್ಲ. ನೀರು ಬಿಡದ ದಿನ ಕೊಳವೆ ಖಾಲಿ. ಒಡೆದ ಜಾಗದಿಂದ ಪಕ್ಕದ ಚರಂಡಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಅದಕ್ಕೇ ಯಂತ್ರ ಇಳಿಸುವ ಮೊದಲು ಕೈಯಿಂದ ಪರೀಕ್ಷಾ ಗುಂಡಿ ತೆಗೆಯಬೇಕೆಂಬ ಷರತ್ತು. ಅಲ್ಲಿ ‘ಟ್ರಯಲ್ ಪಿಟ್’ಗೆ ಪರೀಕ್ಷಾ ಗುಂಡಿಯೇ ಸರಿ. ರಸ್ತೆ ಅಗೆಯದೆ ಅಡ್ಡಲಾಗಿ ಕೊರೆಯುವ ಎಚ್‌ಡಿಡಿಗೂ ಇದು ಬೇಕು. ಎರಡೂ ತುದಿಯಲ್ಲಿ ಗುಂಡಿ ತೋಡಿ, ಬೆಂಟೊನೈಟ್ ಜೇಡಿಮಣ್ಣಿನ ರಾಡಿ ಬಿಟ್ಟು ಕೊರೆಯುವಾಗ ನಡುವೆ ಏನಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಒಳಚರಂಡಿ ಕೊಳವೆ ತೂತಾದದ್ದು ತಿಂಗಳ ಮೇಲೆ ಗೊತ್ತಾಗುತ್ತದೆ.

ಇನ್ನು ರೀಇನ್‌ಸ್ಟೇಟ್‌ಮೆಂಟ್. ‘ದುರಸ್ತಿ’ ಎಂದು ದಯವಿಟ್ಟು ಬರೆಯಬೇಡಿ. ದುರಸ್ತಿ ಎಂದರೆ ಮೇಲೆ ತೇಪೆ ಹಾಕಿ ಕೈತೊಳೆದುಕೊಳ್ಳಬಹುದು. ಇಲ್ಲಿ ಬೇಕಾದ್ದು ಕೆಳಗಿನಿಂದ ಪದರ ಪದರವಾಗಿ ಮೊದಲಿನ ಗಟ್ಟಿತನ: ಕೊಳವೆಯ ಸುತ್ತ ಮರಳು, ಅದರ ಮೇಲೆ ಎಚ್ಚರಿಕೆ ಪಟ್ಟಿ, ಆಮೇಲೆ ಸುಮಾರು 150 ಮಿಲಿಮೀಟರಿನ ಒಂದೊಂದೇ ಪದರ ತುಂಬಿ ದಮ್ಮಸು, ನಂತರ ಜಲ್ಲಿ ಪದರಗಳು, ಕೊನೆಗೆ ಡಾಂಬರು. ಡಾಂಬರನ್ನು ಗುಂಡಿಯ ಎರಡೂ ಬದಿ ಒಂದಿಷ್ಟು ಅಗಲವಾಗಿ ಕತ್ತರಿಸಿ, ಅಲುಗದ ನೆಲದ ಮೇಲೆ ಹೊದಿಸಬೇಕು. ಇಂಗ್ಲಿಷಿನ ಟೀ ಅಕ್ಷರದ ಆಕಾರ ಬರುವುದರಿಂದ ಅದಕ್ಕೆ ಟಿ-ಕಟ್ ಎನ್ನುತ್ತಾರೆ. ಅಗೆದ ಹಸಿಮಣ್ಣನ್ನೇ ಒಂದೇ ಸಲ ಸುರಿದು ಮೇಲೆ ಡಾಂಬರು ಬಳಿದರೆ ಮೊದಲ ಮಳೆಗೆ ನೀರು ಬೆಸುಗೆಯಲ್ಲಿ ಇಳಿದು, ಗುಂಡಿಯ ಉದ್ದಕ್ಕೂ ರಸ್ತೆ ಕುಸಿಯುತ್ತದೆ. ನಾವು ದಿನಾ ಗಾಡಿಯಲ್ಲಿ ಇಳಿದು ಹತ್ತುವ ಆ ಉದ್ದನೆಯ ತಗ್ಗು ಇದೇ. ಆದ್ದರಿಂದ ಷರತ್ತಿನಲ್ಲಿ ‘ರಸ್ತೆಯನ್ನು ಪೂರ್ವಸ್ಥಿತಿಗೆ ತರುವುದು’. ಪಕ್ಕದಲ್ಲೇ ಪದರಗಳ ವಿವರ.

ಎಚ್.ಎನ್. ಬರೆದದ್ದು:

ಪೂರ್ವಸ್ಥಿತಿ ಮತ್ತೆ ಸಂಸ್ಕೃತ. ‘ಮೊದಲಿನಂತಾಗಿಸು’.

ಕೆ.ವಿ. ಬರೆದದ್ದು:

ಇದು ಚೆನ್ನಾಗಿದೆ, ಫಲಕಕ್ಕೆ ತೆಗೆದುಕೊಳ್ಳಿ. ಷರತ್ತಿನಲ್ಲಿ ಪೂರ್ವಸ್ಥಿತಿಯೇ ಇರಲಿ. ಕಾನೂನಿನ ಬರಹದಲ್ಲಿ ಅದು ಮೊದಲೇ ನೆಲೆಯಾಗಿದೆ.

ಎಚ್.ಎನ್. ಬರೆದದ್ದು:

ನೆಲೆಯಾಗಿದೆ ಎನ್ನುವುದು ಕಾರಣವಲ್ಲ, ಸೋಮಾರಿತನ. ಹೀಗೆ ಒಂದೊಂದೇ ಬಿಟ್ಟುಕೊಟ್ಟು ಠೇವಣಿ, ಖಾತರಿ, ಪರವಾನಗಿ ಎಲ್ಲ ಒಳಗೆ ಬಂದವು. ಈಗ ಟ್ರೆಂಚ್ ಬಂತು.

ಜಿ.ಆರ್. ಬರೆದದ್ದು:

ಠೇವಣಿ ಮರಾಠಿಯಿಂದ ಬಂದು ಎಷ್ಟು ಕಾಲವಾಯಿತು? ಅದನ್ನು ತೆಗೆದರೆ ಅಗೆಯುವವರ ಹಣ ಪಾಲಿಕೆಯಲ್ಲಿ ಒತ್ತೆಯಿರುವ ಅರ್ಥ ಯಾವ ಪದದಿಂದ ಬರುತ್ತದೆ? ಷರತ್ತಿನಲ್ಲಿ ಈ ಭೇದ ಮುಖ್ಯ. 2016ರ ನಿಯಮಗಳಲ್ಲೇ ಎರಡು ದಾರಿ ಇತ್ತು: ಪೂರ್ವಸ್ಥಿತಿಗೆ ತರುವ ವೆಚ್ಚವನ್ನು ಕಟ್ಟಿಬಿಡುವುದು, ಇಲ್ಲವೇ ತಾವೇ ಮಾಡುತ್ತೇವೆಂದು ಒಪ್ಪಿ ಬ್ಯಾಂಕ್ ಖಾತರಿ ಕೊಡುವುದು. ಮೊದಲನೆಯದು ಶುಲ್ಕ, ಹಿಂದೆ ಬರುವುದಿಲ್ಲ. ಎರಡನೆಯದು ಖಾತರಿ, ಕೆಲಸ ಸರಿಯಾದರೆ ಬಿಡುಗಡೆ. ಎರಡಕ್ಕೂ ‘ಠೇವಣಿ’ ಎಂದು ಬರೆದರೆ ನಾಳೆ ವಾಪಸು ಕೇಳಿ ಬರುತ್ತಾರೆ.

ಕೆ.ವಿ. ಬರೆದದ್ದು:

ಇನ್ನೊಂದು. ‘ಡಿಫೆಕ್ಟ್ ಲಯಬಿಲಿಟಿ ಪೀರಿಯಡ್’ (ಕೆಲಸದಲ್ಲಿ ದೋಷ ಕಂಡರೆ ಮಾಡಿದವರೇ ಸರಿಪಡಿಸಬೇಕಾದ ಅವಧಿ) ಷರತ್ತಿನಲ್ಲಿ ಬಂದೇ ಬರುತ್ತದೆ. ‘ದೋಷ ಹೊಣೆ ಅವಧಿ’ ಎಂದು ಚಿಕ್ಕದಾಗಿ ಬರೆಯಿರಿ, ಆದರೆ ಯಾರ ಹೊಣೆ ಎಂಬುದು ಸೇರಲಿ. ರಸ್ತೆ ಹಾಕಿದ ಗುತ್ತಿಗೆದಾರರ ಅವಧಿ ಬೇರೆ, ಅಗೆದವರದು ಬೇರೆ. ಅವಧಿಯೊಳಗಿನ ರಸ್ತೆಯನ್ನು ಮೂರನೆಯವರು ಅಗೆದರೆ ಗುತ್ತಿಗೆದಾರರು ಇಡೀ ರಸ್ತೆಯ ಹೊಣೆಯಿಂದ ಜಾರಿಕೊಳ್ಳುತ್ತಾರೆ.

ಎಂ.ಎಸ್. ಬರೆದದ್ದು:

ಎಲ್ಲರಿಗೂ ಧನ್ಯವಾದ. ಫಲಕ ಹೀಗೆ:

ರಸ್ತೆ ಅಗೆತ ಕೆಲಸ
ಅಗೆಯುತ್ತಿರುವವರು:
ಕೆಲಸ:
ಅನುಮತಿ ಸಂಖ್ಯೆ, ಅನುಮತಿ ಕೊಟ್ಟವರು: ಬಿಬಿಎಂಪಿ
ಅಗೆಯುವ ಉದ್ದ:
ಅಗೆತ ಶುರು:
ಅಗೆದ ಗುಂಡಿ ಮುಚ್ಚುವ ದಿನ:
ರಸ್ತೆ ಮೊದಲಿನಂತಾಗುವ ದಿನ:
ಹೊಣೆ ಹೊತ್ತ ಎಂಜಿನಿಯರ್, ಫೋನ್:

ಕೆ.ವಿ. ಬರೆದದ್ದು:

ಎರಡು ತಿದ್ದುಪಡಿ. 2025ರ ಸೆಪ್ಟೆಂಬರ್‌ನಿಂದ ಐದು ನಗರ ಪಾಲಿಕೆಗಳಿವೆ, ಬಿಬಿಎಂಪಿ ಎಂದು ಅಚ್ಚು ಹಾಕಿಸಬೇಡಿ. ಪಾಲಿಕೆಯ ಹೆಸರಿಗೆ ಜಾಗ ಖಾಲಿ ಬಿಡಿ. ಮತ್ತೆ, ಉದ್ದ ಮಾತ್ರ ಹಾಕಿದ್ದೀರಿ. ಅಗಲ, ಆಳ ಎರಡೂ ಬೇಕು. ಅರ್ಧ ಮೀಟರಿಗೆ ಅನುಮತಿ ಪಡೆದು ಒಂದು ಮೀಟರ್ ಅಗೆದರೆ ಅಲ್ಲೇ ನಿಂತವರು ಟೇಪು ಹಿಡಿದು ನೋಡಲು ಆಗಬೇಕು.