ಎರಡು ಜೀನಿನ ಎರಡು ಟ್ರೀ ಹೋಲಿಸಿ ನೋಡೋಕೆ ಫ್ರೀ ಸಾಫ್ಟ್‌ವೇರ್ ಯಾವ್ದಿದೆ?

ಪೊದೆಗಪ್ಪೆ:
ನಮಸ್ಕಾರ ಎಲ್ರಿಗೂ. ಎಮ್ಮೆಸ್ಸಿ ಪ್ರಾಜೆಕ್ಟಿಗೆ ಪಶ್ಚಿಮಘಟ್ಟದ ಪೊದೆಗಪ್ಪೆಗಳದ್ದು (ರಾವೊರ್ಕೆಸ್ಟಿಸ್) 38 ಸ್ಯಾಂಪಲ್ ಇಟ್ಕೊಂಡು ಎರಡು ಟ್ರೀ (ಯಾವ್ದು ಯಾವ್ದಕ್ಕೆ ಹತ್ತಿರದ ನೆಂಟ ಅಂತ ತೋರ್ಸೋ ವಂಶವೃಕ್ಷ) ಕಟ್ಟಿದೀನಿ, ಒಂದು ಮೈಟೊಕಾಂಡ್ರಿಯದ 16ಎಸ್ ಜೀನಿಂದು, ಇನ್ನೊಂದು ನ್ಯೂಕ್ಲಿಯಸ್ಸಿನ ರ‍್ಯಾಗ್-1 ಜೀನಿಂದು, ಎರಡೂ ನ್ಯೂವಿಕ್ ಫೈಲು (ಟ್ರೀನ ಕಂಸ ಹಾಕಿ ಅಕ್ಷರದಲ್ಲಿ ಬರ್ದಿಡೋ ಫೈಲು). ಪ್ರಿಂಟ್ ತೆಗ್ದು ನೆಲದ ಮೇಲೆ ಹಾಸ್ಕೊಂಡು ಸ್ಕೆಚ್ ಪೆನ್ನಲ್ಲಿ ಈ ಕಡೆ ಹೆಸರಿಂದ ಆ ಕಡೆ ಹೆಸರಿಗೆ ಗೆರೆ ಎಳೀತಾ ಕೂತಿದೀನಿ, ಮೂರು ದಿನ ಆಯ್ತು ಕಣ್ಣು ಉರೀತಿದೆ. ಹಾಸ್ಟೆಲಲ್ಲಿ ನೆಟ್ ನೆಚ್ಚಿಕೊಳ್ಳೋ ಹಾಗಿಲ್ಲ, ಲ್ಯಾಪ್‌ಟಾಪಲ್ಲೇ ಓಡೋದು ಬೇಕು, ದುಡ್ಡು ಕೊಡೋಕಾಗಲ್ಲ. ದಯವಿಟ್ಟು ಹೇಳಿ.

ಹಳೇಬೇರು:
ಒಂದೇ ಟ್ರೀ ಚೆಂದ ಮಾಡಿ ಥೀಸಿಸ್ಸಿಗೆ ಹಾಕೋಕೆ ಫಿಗ್‌ಟ್ರೀ ಸಾಕು, ಎಡಿನ್‌ಬರೋದ ಆಂಡ್ರೂ ರ‍್ಯಾಂಬೊ ಬರ್ದಿದ್ದು, ಜಾವಾ ಇದ್ರೆ ಓಡತ್ತೆ. ಆದ್ರೆ ಎರಡು ಟ್ರೀ ಎದುರುಬದರು ಇಟ್ಟು ಗೆರೆ ಎಳೆಯೋದು ಅದರಲ್ಲಿಲ್ಲ. ನಿಮಗೆ ಬೇಕಾಗಿರೋದು ಡೆಂಡ್ರೋಸ್ಕೋಪ್, ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಡೇನಿಯಲ್ ಹುಸೋನ್ ಗುಂಪಿಂದು, ಫ್ರೀನೇ, ವಿಂಡೋಸ್ ಲಿನಕ್ಸ್ ಮ್ಯಾಕ್ ಮೂರಕ್ಕೂ ಇದೆ. ಎರಡೂ ಟ್ರೀ ತೆಗ್ದು ಸೆಲೆಕ್ಟ್ ಮಾಡಿ, ಮೆನುನಲ್ಲಿ ಟ್ಯಾಂಗಲ್‌ಗ್ರಾಮ್ ಅಂತಿರತ್ತೆ ಅದು ಒತ್ತಿ, ನೀವು ಸ್ಕೆಚ್ ಪೆನ್ನಲ್ಲಿ ಮಾಡ್ತಿರೋದನ್ನೇ ಮಾಡಿಕೊಡತ್ತೆ. ಹೆಸರುಗಳು ಮಾತ್ರ ಎರಡೂ ಫೈಲಲ್ಲಿ ಅಕ್ಷರ ಅಕ್ಷರ ಒಂದೇ ಇರಬೇಕು.

ಕೊಡಗಿನವಳು:
ಒಂದು ಮಾತು ಸೇರಿಸ್ತೀನಿ, ಇದನ್ನ ತಿಳೀದೆ ನಾನು ಒಂದು ಸೆಮಿಸ್ಟರ್ ಕಳ್ಕೊಂಡೆ. ಗೆರೆ ಅಡ್ಡಾದಿಡ್ಡಿ ಹಾಯ್ದ ತಕ್ಷಣ ಜೀನುಗಳು ಜಗಳ ಆಡ್ತಿವೆ ಅಂತ ಅಲ್ಲ. ಟ್ರೀನಲ್ಲಿ ಯಾವ ನೋಡಿನಲ್ಲಾದ್ರೂ (ನೋಡ್ ಅಂದ್ರೆ ಕೊಂಬೆ ಕವಲೊಡೆಯೋ ಜಾಗ) ಮೇಲಿನ ಕೊಂಬೆ ಕೆಳಗೆ, ಕೆಳಗಿಂದು ಮೇಲೆ ತಿರುಗಿಸಬಹುದು, ಸಂಬಂಧ ಒಂದಿಷ್ಟೂ ಬದಲಾಗಲ್ಲ. ಟ್ಯಾಂಗಲ್‌ಗ್ರಾಮ್ ಹಾಗೆ ತಿರುಗಿಸಿ ತಿರುಗಿಸಿ ಗೆರೆ ಹಾಯೋದನ್ನ ಕಮ್ಮಿ ಮಾಡತ್ತೆ, ಆಮೇಲೂ ಹಾಯ್ದಿದ್ರೆ ಆ ನೋಡಿನ ಬೂಟ್‌ಸ್ಟ್ರಾಪ್ ನೋಡಿ, ಅಂದ್ರೆ ಆ ಕವಲು ಎಷ್ಟು ಗಟ್ಟಿ ಅಂತ ನೂರಕ್ಕೆ ಹೇಳೋ ಅಂಕಿ. 40, 50 ಇದ್ರೆ ಅದರ ಮೇಲೆ ಕತೆ ಕಟ್ಟಬೇಡಿ. ಮತ್ತೆ ಎರಡೂ ಟ್ರೀಗೆ ಒಂದೇ ಔಟ್‌ಗ್ರೂಪಿಂದ (ಈ ಗುಂಪಿಗೆ ಸೇರದ ಹತ್ತಿರದ ನೆಂಟನಿಂದ) ಬೇರು ಕೊಟ್ಟಿದೀರಾ? ಇಲ್ಲಾಂದ್ರೆ ಹೋಲಿಕೆಗೆ ಅರ್ಥನೇ ಇಲ್ಲ.

ಪೊದೆಗಪ್ಪೆ:
ಅಕ್ಕಾ ತುಂಬಾ ಥ್ಯಾಂಕ್ಸ್! 16ಎಸ್ ಟ್ರೀಗೆ ಬೇರನ್ನೇ ಕೊಟ್ಟಿರಲಿಲ್ಲ. ಎರಡಕ್ಕೂ ಶ್ರೀಲಂಕಾದ ಸ್ಯೂಡೊಫಿಲಾಟಸ್ ಕಪ್ಪೆಯಿಂದ ಬೇರು ಕೊಟ್ಟು ಹಾಕಿದೆ, ಅಷ್ಟೂ ಗೋಜಲು ಬಿಚ್ಕೊಂಡು ಈಗ ಬರೀ 3 ಸ್ಯಾಂಪಲ್ ಹಾಯ್ತಿವೆ, ಎರಡು ಕಡೆನೂ ಬೂಟ್‌ಸ್ಟ್ರಾಪ್ 90ರ ಮೇಲಿದೆ. ಅಡ್ಡತಳಿ ಆಗಿರಬಹುದಾ?

ಹಳೇಬೇರು:
ಆಗಿರಬಹುದು, ಹಳೇ ಪೂರ್ವಜರಲ್ಲಿದ್ದ ಜೀನ್ ರೂಪಗಳು ಸರಿಯಾಗಿ ಬೇರ್ಪಡದೇ ಹಾಗೇ ಉಳ್ಕೊಂಡಿರಬಹುದು, ಎರಡಕ್ಕೂ ಟ್ರೀ ಹೀಗೇ ಕಾಣತ್ತೆ. ಅದಕ್ಕಿಂತ ಮೊದಲು ಎರಡು ಕೆಲಸ. ಫೈಲ್ ತೆಗೆಯೋವಾಗ ಒಳಗಿನ ನೋಡಿನ ಅಂಕಿಗಳನ್ನ ಕೊಂಬೆಯ ಅಂಕಿ ಅಂತ ತಗೊಳ್ಳಲಾ ಅಂತ ಕೇಳಿದ್ರೆ ಹೂಂ ಅನ್ನಿ, ಬೂಟ್‌ಸ್ಟ್ರಾಪ್ ಕೊಂಬೆಗೆ ಸೇರಿದ್ದು, ಹೂಂ ಅನ್ನದೇ ಬೇರು ಬದಲಾಯಿಸಿದ್ರೆ ಕೆಲವು ಅಂಕಿ ಪಕ್ಕದ ಕೊಂಬೆಗೆ ಹೋಗಿಬಿಡತ್ತೆ. ಇನ್ನೊಂದು, ಆ ಮೂರು ಟ್ಯೂಬಿನ ಲೇಬಲ್ ಫ್ರೀಜರಿಂದ ತೆಗ್ದು ಕಣ್ಣಾರೆ ಓದಿ.

ಪೊದೆಗಪ್ಪೆ:
ಅಂಕಿ ಸರಿ ಇದೆ ಸರ್. ಟ್ಯೂಬ್ 17 ಮತ್ತೆ 11ರ ಮಾರ್ಕರ್ ಅರ್ಧ ಅಳಿಸಿದೆ, ಯಾವ್ದು ಯಾವ್ದೋ ಗೊತ್ತಾಗ್ತಿಲ್ಲ. ಎರಡನ್ನೂ ನಾಳೆ ಮತ್ತೆ ಪಿಸಿಆರ್‌ಗೆ (ಡಿಎನ್‌ಎ ನಕಲು ಹೆಚ್ಚಿಸೋಕೆ) ಹಾಕ್ತೀನಿ.