ಹಳೆ ಫೋರ್ಟ್ರಾನ್ ಕೋಡಿಗೆ ಗ್ರೇಡಿಯಂಟ್: ಮಾಡಿದವರು ಹೇಳಿ

ಪಾಷಾಣ್, ಪುಣೆ: ಅಂತರ್ಜಲದ ಸಿಮ್ಯುಲೇಶನ್ ಕೋಡ್ ಇದೆ, ಫೋರ್ಟ್ರಾನ್ ಎಂಬ ಹಳೆ ಪ್ರೋಗ್ರಾಮಿಂಗ್ ಭಾಷೆಯಲ್ಲಿ. 200 ಪ್ಯಾರಾಮೀಟರ್. ಯಾವುದು ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ (ಅದೇ ಗ್ರೇಡಿಯಂಟ್) ಅಂತ ತಿಳಿಯಲು ಒಂದೊಂದನ್ನೇ ಚೂರು ಬದಲಿಸಿ ಓಡಿಸುತ್ತಿದ್ದೇನೆ. ಒಂದು ಗ್ರೇಡಿಯಂಟಿಗೆ 201 ಓಟ! ಆಟೋಮ್ಯಾಟಿಕ್ ಡಿಫರೆನ್ಸಿಯೇಶನ್ (ಕೋಡಿನ ಡೆರಿವೇಟಿವನ್ನು ಟೂಲೇ ತಯಾರಿಸುವ ವಿಧಾನ) ಬಳಸಿದವರು ಇದ್ದೀರಾ?

ಪವೈ, ಮುಂಬೈ: ಈ ಗುಂಪಿನಲ್ಲಿ ಚಂದಾ ಹಣ, ಬಾಡಿಗೆ ಮನೆಯ ಮಾತು ಬಿಟ್ಟು ಇಂಥ ಪ್ರಶ್ನೆ ಬಂತಲ್ಲ, ಖುಷಿ. ನಾವು ಬಳಸಿದ್ದು ಟಪೆನಾಡ್ ಎಂಬ ಟೂಲ್, ಫ್ರಾನ್ಸಿನ ಸಂಶೋಧನಾ ಸಂಸ್ಥೆ ಇನ್ರಿಯಾದವರದು. ಡೆರಿವೇಟಿವ್ ಕೋಡನ್ನು ಫೋರ್ಟ್ರಾನಿನಲ್ಲೇ ಬರೆದುಕೊಡುತ್ತದೆ. ನಿಮ್ಮ ಔಟ್‌ಪುಟ್ ಒಂದೇ, ಇನ್‌ಪುಟ್ 200 ಅಲ್ವಾ? ಹಾಗಾದರೆ ರಿವರ್ಸ್ ಮೋಡ್, ಅಂದರೆ ಔಟ್‌ಪುಟಿನಿಂದ ಇನ್‌ಪುಟಿನ ಕಡೆಗೆ ಹಿಂದಕ್ಕೆ ಲೆಕ್ಕ ಹಾಕುವುದು. ಪ್ಯಾರಾಮೀಟರ್ ಎಷ್ಟೇ ಇರಲಿ, ಮೂಲ ಓಟದ ಕೆಲವೇ ಪಟ್ಟು ಸಮಯದಲ್ಲಿ ಪೂರ್ತಿ ಗ್ರೇಡಿಯಂಟ್ ಸಿಗುತ್ತದೆ. ಬಂದ ಕೋಡನ್ನು ಕೂತು ಓದಿ. ಲೂಪ್ ಕೊನೆಯಿಂದ ಮೊದಲಿಗೆ ಓಡುತ್ತಿರುತ್ತದೆ, ವೇರಿಯಬಲ್ ಹೆಸರಿನ ಕೊನೆಗೆ ‘ಬಿ’ ಅಂಟಿರುತ್ತದೆ. ಪುಶ್, ಪಾಪ್ ಕರೆಗಳು (ವಾಪಸ್ ಬರುವಾಗ ಬೇಕಾಗುವ ಬೆಲೆಗಳನ್ನು ಎತ್ತಿಡುವ, ತೆಗೆಯುವ ಕರೆಗಳು) ಗುಂಪಾಗಿರುವ ಕಡೆಯೇ ಮೆಮೊರಿ ತಿನ್ನುವುದು. ಒಂದೇ ಅರೇ ಮೇಲೆ ಮತ್ತೆ ಮತ್ತೆ ಬರೆದಿದ್ದರೆ ಇನ್ನೂ ಜಾಸ್ತಿ.

ಡೋನಾ ಪೌಲಾ, ಗೋವಾ: ಮೆಮೊರಿ ಲೆಕ್ಕ ಮೊದಲೇ ಹಾಕಿ. 10 ಲಕ್ಷ ಗ್ರಿಡ್ ಬಿಂದು, ಒಂದೇ ವೇರಿಯಬಲ್, ಡಬಲ್ ಪ್ರಿಸಿಶನ್ (ಸಂಖ್ಯೆಗೆ 8 ಬೈಟ್) ಅಂದರೆ ಸಿಮ್ಯುಲೇಶನ್ನಿನ ಒಂದು ಟೈಮ್ ಹೆಜ್ಜೆಗೆ 8 ಎಂಬಿ. 10,000 ಹೆಜ್ಜೆಯನ್ನೂ ಇಟ್ಟುಕೊಂಡರೆ 80 ಜಿಬಿ. ಅದರ ಬದಲು 40 ಚೆಕ್‌ಪಾಯಿಂಟ್ (ಆ ಹೆಜ್ಜೆಯ ಸ್ಥಿತಿಯ ಪ್ರತಿ) ಇಟ್ಟು, ನಡುವಿನದ್ದನ್ನು ಬೇಕಾದಾಗ ಮತ್ತೆ ಓಡಿಸಿ. ಚೆಕ್‌ಪಾಯಿಂಟುಗಳಿಗೆ 320 ಎಂಬಿ ಸಾಕು. ಗಣಿತಜ್ಞ ಗ್ರಿವಾಂಕ್ ಅವರ ವಿಧಾನದಲ್ಲಿ ಹೋದರೆ ಯಾವ ಹೆಜ್ಜೆಯೂ ಮೂರಕ್ಕಿಂತ ಜಾಸ್ತಿ ಸಲ ಮುಂದಕ್ಕೆ ಓಡಬೇಕಿಲ್ಲ. ಎಲ್ಲಿ ಉಳಿಸಬೇಕು ಅಂತ ರಿವಾಲ್ವ್ ಎಂಬ ಕೋಡ್ ಹೇಳುತ್ತದೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಹಿಂಜವಡಿ, ಪುಣೆ: ಇದೆಲ್ಲಕ್ಕಿಂತ ದೊಡ್ಡದು ಲೀನಿಯರ್ ಸಾಲ್ವರ್, ಅಂದರೆ ಸಮೀಕರಣಗಳ ಗುಂಪನ್ನು ಬಿಡಿಸುವ ಭಾಗ. ಅಂತರ್ಜಲದ ಕೋಡಿನಲ್ಲಿ ಬಹುಪಾಲು ಸಮಯ ಅಲ್ಲೇ ಹೋಗುತ್ತದೆ. ಟೂಲನ್ನು ಅದರೊಳಗೆ ಬಿಡಲೇಬೇಡಿ. ಕಾಂಜುಗೇಟ್ ಗ್ರೇಡಿಯಂಟ್ ಎಂಬ ಸಾಲ್ವರ್ ವಿಧಾನದ ಒಂದೊಂದು ಸುತ್ತನ್ನೂ ನೆನಪಿಟ್ಟುಕೊಂಡು ವಾಪಸ್ ನಡೆಯುವುದು ದಂಡ. ಟ್ರಾನ್ಸ್‌ಪೋಸ್ (ಅಡ್ಡಸಾಲು, ಕಂಬಸಾಲು ಅದಲುಬದಲು ಮಾಡಿದ) ಮ್ಯಾಟ್ರಿಕ್ಸಿನ ಒಂದು ಸಾಲ್ವ್ ಕೈಯಾರೆ ಬರೆದರೆ ಮುಗಿಯಿತು. ಮ್ಯಾಟ್ರಿಕ್ಸ್ ಸಿಮೆಟ್ರಿಕ್ ಆಗಿದ್ದರೆ ನಿಮ್ಮ ಸಾಲ್ವರೇ ಸಾಕು. ನಿಮ್ಮ ಪ್ಯಾರಾಮೀಟರುಗಳು ಮ್ಯಾಟ್ರಿಕ್ಸಿನೊಳಗೇ ಕೂತಿರುತ್ತವೆ, ಆ ಪಾಲನ್ನು ಸೇರಿಸಲು ಮರೆಯಬೇಡಿ.

ಪಾಷಾಣ್, ಪುಣೆ: ಉತ್ತರ ಸರಿ ಅಂತ ಗೊತ್ತಾಗುವುದು ಹೇಗೆ? ಈಗಿನ ಗ್ರೇಡಿಯಂಟ್ ಜೊತೆ ಹೋಲಿಸಿದರೆ ಸಾಕಾ?

ಹಿಂಜವಡಿ, ಪುಣೆ: ಸಾಲದು. ಪ್ಯಾರಾಮೀಟರನ್ನು ಬದಲಿಸುವ ಚೂರು ದೊಡ್ಡದಾದರೆ ಒಂದು ತಪ್ಪು, ತೀರಾ ಚಿಕ್ಕದಾದರೆ ಕಳೆಯುವಾಗ ಅಂಕಿಗಳೇ ಮಾಯ. ಡಾಟ್ ಪ್ರಾಡಕ್ಟ್ ಟೆಸ್ಟ್ ಮಾಡಿ: ಫಾರ್ವರ್ಡ್ ಮೋಡಿನಿಂದ (ಇನ್‌ಪುಟಿನಿಂದ ಮುಂದಕ್ಕೆ ಹಾಕುವ ಲೆಕ್ಕ) ಒಂದು ಸಂಖ್ಯೆ, ರಿವರ್ಸ್‌ನಿಂದ ಇನ್ನೊಂದು. ರೂಟೀನ್ ಒಂದೊಂದರಲ್ಲೂ ಎರಡೂ 12-13 ಅಂಕಿವರೆಗೆ ಹೊಂದಬೇಕು. ಸಾಲ್ವರ್ ಇರುವಲ್ಲಿ ಟಾಲರೆನ್ಸ್ (ಎಷ್ಟು ತಪ್ಪು ಉಳಿದಾಗ ನಿಲ್ಲಬೇಕೆಂಬ ಮಿತಿ) ಬಿಗಿ ಮಾಡಿಕೊಂಡು ನೋಡಿ.